ಘಟ್ಟದ ಬುಡದ ಕೆಂಪು ರಸ್ತೆಗಳಲ್ಲಿ ಸೈಕಲ್: ಹೆಬ್ರಿ ಕಡೆ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಉಡುಪಿಯಲ್ಲಿ ಸೈಕಲ್ ಬಿಡುವವರು ಸಾಮಾನ್ಯವಾಗಿ ಎರಡು ಕಡೆ ಹೋಗುತ್ತಾರೆ. ಒಂದೋ ಮಲ್ಪೆ, ಕಾಪು ಅಂತ ಕಡಲ ಬದಿಗೆ. ಇಲ್ಲದಿದ್ದರೆ ಆಗುಂಬೆ ಘಾಟಿಗೆ. ಕಡಲ ಬದಿ ಚಂದವೇ, ಆದರೆ ಸಪಾಟು. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು, ತಿರುವಿಗೊಂದು ಬಸ್ಸು. ಇವೆರಡರ ನಡುವೆ, ಘಟ್ಟದ ಬುಡದಲ್ಲಿ, ಮಣ್ಣಿನ ರಸ್ತೆಗಳು ಬೇಕಾದಷ್ಟಿವೆ. ಒಂದು ಗಂಟೆ ಹೋದರೂ ಎದುರಿಗೆ ಸಿಗುವುದು ಹಾಲಿನ ಕ್ಯಾನ್ ಕಟ್ಟಿಕೊಂಡ ಒಂದು ಸ್ಕೂಟರ್ ಮಾತ್ರ. ಆ ಕಡೆ ಯಾರೂ ತಿರುಗುವುದಿಲ್ಲ. ಯಾಕೆಂದರೆ ಅವು ಫೋನಿನ ಮ್ಯಾಪಿನಲ್ಲಿ ಸರಿಯಾಗಿ ಕಾಣುವುದಿಲ್ಲ.

ಗ್ರಾವೆಲ್ ಸೈಕ್ಲಿಂಗ್, ಅಂದರೆ ಜಲ್ಲಿ-ಮಣ್ಣಿನ ರಸ್ತೆಯ ಸವಾರಿ, ಅಂದ ಕೂಡಲೇ ಈ ಹುಚ್ಚಿನವರಿಗೆಲ್ಲ ಮೊದಲು ನೆನಪಾಗುವುದು ಇಟಲಿಯ ಟಸ್ಕನಿ. ಅಲ್ಲಿನ ಕಿಯಾಂಟಿ ಗುಡ್ಡಗಳಲ್ಲಿ ದ್ರಾಕ್ಷಿ ತೋಟಗಳ ನಡುವೆ ಬಿಳಿ ಜಲ್ಲಿಯ ರಸ್ತೆಗಳಿವೆ. ಅವಕ್ಕೂ ಡಾಂಬರು ಬೀಳುತ್ತದೆ ಎಂಬ ಭಯ ಬಂದಾಗ, 1997ರಲ್ಲಿ, ಹಳೇ ಸೈಕಲ್‌ಗಳಲ್ಲಿ ಆ ರಸ್ತೆ ಸುತ್ತುವ ಲೆರೊಯಿಕಾ ಎಂಬ ಸವಾರಿ ಶುರುವಾಯಿತು. 2007ರಲ್ಲಿ ಅದೇ ಸೀಮೆಯಲ್ಲಿ ಸ್ಟ್ರಾದೆ ಬಿಯಾಂಕೆ ರೇಸ್ ಬಂತು. ಆ ಹೆಸರಿನ ಅರ್ಥವೇ ಬಿಳಿ ರಸ್ತೆಗಳು. ನಮ್ಮದು ಕೆಂಪು ರಸ್ತೆ. ದ್ರಾಕ್ಷಿ ಬಳ್ಳಿಯ ಬದಲು ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ವೈನಿನ ಬದಲು ಬೆಲ್ಲ-ನೀರು. ಈ ಅದಲುಬದಲಿನಲ್ಲಿ ನನಗೇನೂ ನಷ್ಟ ಕಂಡಿಲ್ಲ.

ನಾನು ಇಲ್ಲಿ ಹೇಳುತ್ತಿರುವುದು ಹೆಬ್ರಿ, ಮುದ್ರಾಡಿ, ವರಂಗ, ಮುನಿಯಾಲು, ಅಜೆಕಾರು ಸುತ್ತಿನ ಕಥೆ. ಆದರೆ ಇದೇ ಕ್ರಮ ಬೆಳ್ತಂಗಡಿ ಕಡೆಗೂ ಆಗುತ್ತದೆ, ಕೊಲ್ಲೂರಿನ ಕಡೆಗೂ ಆಗುತ್ತದೆ. ರೆಡಿಮೇಡ್ ರೂಟ್ ಫೈಲ್ ಮಾತ್ರ ಕೇಳಬೇಡಿ. ಹೋದ ವರ್ಷ ಮಣ್ಣಿದ್ದದ್ದು ಈ ವರ್ಷ ಕಾಂಕ್ರೀಟ್ ಆಗಿರುತ್ತದೆ. ಕೆಲವು ದಾರಿ ಯಾರದೋ ಅಂಗಳದಲ್ಲೇ ಹಾದುಹೋಗುತ್ತದೆ. ಅಂಥದ್ದನ್ನು ಸಾವಿರ ಜನರಿಗೆ ಹಂಚುವುದು ಸರಿಯಲ್ಲ, ಅಲ್ವಾ?

1. ಮೊದಲು ತಿಂಗಳು ನೋಡಿ, ಆಮೇಲೆ ಸೈಕಲ್

ಉಡುಪಿಯಲ್ಲಿ ವರ್ಷಕ್ಕೆ 4,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಮೇಲೆ ಆಗುಂಬೆಯಲ್ಲಿ 7,000 ದಾಟುತ್ತದೆ. ಆ ನೀರಿನ ಒಂದು ಪಾಲು ಇಳಿಯುವುದು ಈ ಬುಡದ ಮೂಲಕವೇ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ರಸ್ತೆಯ ಮಾತೇ ಬೇಡ. ಅಕ್ಟೋಬರ್‌ನಲ್ಲಿ ಆಕಾಶ ತಿಳಿಯಾಗುತ್ತದೆ, ಆದರೆ ನೆಲ ಮೋಸ ಮಾಡುತ್ತದೆ. ಸಂಜೆಗೆ ಗುಡುಗು, ನೆರಳಿನಲ್ಲಿ ಹಾವಸೆ (ಪಾಚಿ), ಕಾಲಿಗೆ ಉಂಬಳ (ಜಿಗಣೆ).

ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಸರಿಯಾದ ಕಾಲ. ಗದ್ದೆ ಕೊಯ್ಲು ಮುಗಿದಿರುತ್ತದೆ. ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕಿರುತ್ತಾರೆ. ತೋಡುಗಳಲ್ಲಿ ನೀರು ಮೊಣಕಾಲಿನ ಕೆಳಗೆ ಇಳಿದಿರುತ್ತದೆ. ಬೆಳಿಗ್ಗೆ ಚಳಿ ಅನ್ನುವಷ್ಟು ತಂಪೂ ಇರುತ್ತದೆ. ಮಾರ್ಚ್ ಬಂತೆಂದರೆ ಧೂಳು ಮತ್ತು ಸೆಕೆ. ಏಪ್ರಿಲ್‌ನಲ್ಲಿ ಹತ್ತು ಗಂಟೆಯ ಮೇಲೆ ಸೈಕಲ್ ಬಿಡುವವರಿಗೆ ನಾನು ಕೈ ಮುಗಿಯುತ್ತೇನೆ.

2. ಲಕ್ಷದ ಸೈಕಲ್ ಬೇಡ, ಟೈರ್ ಸರಿ ಇರಲಿ

ಗ್ರಾವೆಲ್ ಬೈಕ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮುಂದೆ ಮಾತ್ರ ಸಸ್ಪೆನ್ಶನ್ ಇರುವ ಸಾಮಾನ್ಯ ಎಂಟಿಬಿ (ಮೌಂಟನ್ ಬೈಕ್) ಸಾಕು. ಹೈಬ್ರಿಡ್ ಆದರೂ ಆಗುತ್ತದೆ, ಕನಿಷ್ಠ 40 ಮಿ.ಮೀ. ಟೈರ್ ಹಿಡಿಸಬೇಕು. ಹಿಂದೆ, ಮುಂದೆ ಎರಡೂ ಕಡೆ ಸಸ್ಪೆನ್ಶನ್ ಇರುವ ಅಗ್ಗದ ಸೈಕಲ್ ಮಾತ್ರ ಬೇಡ. ಏರಿನಲ್ಲಿ ಅದು ನಿಮ್ಮ ಕಾಲಿನ ಅರ್ಧ ಶಕ್ತಿಯನ್ನು ಕುಣಿಯುವುದಕ್ಕೆ ಖರ್ಚು ಮಾಡುತ್ತದೆ.

ಗಾಳಿಯ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲಿ: ಟಾರು ರಸ್ತೆಯ ಅಭ್ಯಾಸದಲ್ಲಿ ಟೈರನ್ನು ಕಲ್ಲಿನ ಹಾಗೆ ಗಟ್ಟಿ ಮಾಡಿಕೊಂಡು ಬರುತ್ತಾರೆ. 70 ಕೆ.ಜಿ. ತೂಕದವರು 40 ಮಿ.ಮೀ. ಟೈರಿಗೆ ಟ್ಯೂಬ್ ಇದ್ದರೆ 40 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಟ್ಯೂಬ್‌ಲೆಸ್ ಆದರೆ 35ರ ಆಸುಪಾಸಿನಿಂದ ಶುರು ಮಾಡಿ. ಎರಡು ಇಂಚಿನ ಎಂಟಿಬಿ ಟೈರಿಗೆ 25ರಿಂದ 30 ಸಾಕು. ಹಿಂದಿನ ಚಕ್ರಕ್ಕೆ ಎರಡು ಪಿಎಸ್‌ಐ ಜಾಸ್ತಿ ಇರಲಿ. ಕೈ ನಡುಗಿದರೆ ಇಳಿಸಿ. ರಿಮ್ ಕಲ್ಲಿಗೆ ತಾಗಿ ಟಣ್ ಅಂದರೆ ಏರಿಸಿ. ಲೆಕ್ಕ ಅಷ್ಟೇ.

ಗೇರಿನಲ್ಲಿ ಮುಂದಿನ ಸಣ್ಣ ಹಲ್ಲುಚಕ್ರದ ಹಲ್ಲಿಗಿಂತ ಹಿಂದಿನ ದೊಡ್ಡದರ ಹಲ್ಲು ಕಡಿಮೆ ಇರಬಾರದು. ಪಂಚಾಯತಿನವರು ಕಾಂಕ್ರೀಟ್ ಹಾಕುವುದು ಎಲ್ಲಿ ಅಂದರೆ, ಜೀಪು ಏರದ ಜಾಗದಲ್ಲಿ. ಅಂದರೆ ದಾರಿಯಲ್ಲಿ ಎಲ್ಲೇ ತುಂಡು ಕಾಂಕ್ರೀಟ್ ಕಂಡರೂ ಅದು ಗೋಡೆಯಂಥ ಏರು ಅಂತ ತಿಳಿಯಿರಿ. ಬ್ರೇಕು ಡಿಸ್ಕ್ ಆದರೆ ನೆಮ್ಮದಿ.

3. ದಾರಿ ಹುಡುಕುವುದು

ಇಡೀ ಕೆಲಸದ ಮುಕ್ಕಾಲು ಪಾಲು ಇದೇ. ಮನೆಯಲ್ಲಿ ಕೂತು ಎರಡು ಸಂಜೆ ಕೊಡಿ.

ಮೊದಲು ಸ್ಯಾಟಲೈಟ್ ಚಿತ್ರ ತೆರೆಯಿರಿ. ಜನವರಿ–ಫೆಬ್ರವರಿಯಲ್ಲಿ ತೆಗೆದ ಚಿತ್ರ ಸಿಕ್ಕರೆ ಒಳ್ಳೆಯದು. ಕೆಂಪು ಗೆರೆ ಎದ್ದು ಕಾಣುತ್ತದೆ. ಅಡಿಕೆ ತೋಟದ ಒಳಗೆ ಹೋದ ಗೆರೆ ಮರೆಯಾಗುತ್ತದೆ. ಅದು ಇನ್ನೊಂದು ಬದಿಯಲ್ಲಿ ಹೊರಬರುತ್ತದೋ ಇಲ್ಲವೋ ಅನ್ನುವುದೇ ಪ್ರಶ್ನೆ. ಹೊರಬರದಿದ್ದರೆ ಅದು ಯಾರದೋ ಮನೆಯ ದಾರಿ, ರಸ್ತೆಯಲ್ಲ. ಓಪನ್‌ಸ್ಟ್ರೀಟ್‌ಮ್ಯಾಪನ್ನೂ ಪಕ್ಕದಲ್ಲಿಟ್ಟು ನೋಡಿ. ಗೂಗಲ್‌ನಲ್ಲಿ ಇಲ್ಲದ ಕಾಲುದಾರಿ ಕೆಲವೊಮ್ಮೆ ಅದರಲ್ಲಿ ಇರುತ್ತದೆ. ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ಟೊಪೊಶೀಟ್ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಹಳೇ ಗಾಡಿ ದಾರಿ, ಗುಡ್ಡದ ಏರಿಳಿತ ಎರಡೂ ಅದರಲ್ಲಿ ಚೆನ್ನಾಗಿ ಕಾಣುತ್ತವೆ.

ಎರಡನೆಯದು, ಸೈಕಲ್‌ನವರು ಯಾರೂ ಬಳಸದ ಒಂದು ಆ್ಯಪ್: ದಿಶಾಂಕ್. ಕರ್ನಾಟಕ ಸರಕಾರದ್ದು, ಜಾಗ ಖರೀದಿ ಮಾಡುವವರು ಸರ್ವೆ ನಂಬರ್ ನೋಡಲು ಇಟ್ಟುಕೊಳ್ಳುವುದು. ನೀವು ಗುರುತು ಹಾಕಿದ ಕೆಂಪು ಗೆರೆ ಗ್ರಾಮ ನಕ್ಷೆಯ ರಸ್ತೆಯೋ, ಯಾರದೋ ಪಟ್ಟಾ ಜಾಗವೋ, ಅರಣ್ಯವೋ ಅಂತ ಅದರಲ್ಲಿ ಅಂದಾಜು ಸಿಗುತ್ತದೆ. ಇದು ಸಿಕ್ಕಿದ ಮೇಲೆ ನನ್ನ ಅರ್ಧ ಜಗಳ ತಪ್ಪಿತು.

ಮೂರನೆಯದು ಬಾಯಿ. ಯಾರನ್ನಾದರೂ "ಈ ದಾರಿ ಮುಂದೆ ಹೋಗ್ತದಾ?" ಅಂತ ಕೇಳಿದರೆ "ಹೋಗ್ತದೆ" ಅಂತಲೇ ಹೇಳುತ್ತಾರೆ. ಅವರ ಪ್ರಕಾರ ಅದು ಸರಿ. ಕಾಲಲ್ಲಿ ನಡೆದರೆ ಎಲ್ಲ ದಾರಿಯೂ ಹೋಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ. "ಅಣ್ಣ, ಇದರಲ್ಲಿ ಜೀಪ್ ಹೋಗ್ತದಾ?" ಹೌದು ಅಂದರೆ ನಿಶ್ಚಿಂತೆಯಿಂದ ಹೋಗಿ. "ಜೀಪ್ ಇಲ್ಲ, ಬೈಕ್ ಹೋಗ್ತದೆ" ಅಂದರೆ ಸೈಕಲ್‌ಗೆ ಹೇಳಿ ಮಾಡಿಸಿದ ದಾರಿ. "ಮೊದಲು ಜೀಪ್ ಹೋಗ್ತಿತ್ತು" ಅಂದರೆ ಮುಳ್ಳು, ಕೊರಕಲು, ಎರಡು ಕಡೆ ಹೆಗಲ ಮೇಲೆ ಸೈಕಲ್. "ಮೊದಲು ಜನ ಹೋಗ್ತಿದ್ದರು" ಅಂದರೆ ವಾಪಸ್ ತಿರುಗಿ.

ಹೆಬ್ರಿ ಸುತ್ತ ಮನೆಮಾತು ತುಳುವೂ ಇದೆ, ಕುಂದಾಪ್ರ ಕನ್ನಡವೂ ಇದೆ. "ಈ ಸಾದಿ ಓಡೆ ಪೋಪುಂಡು?" (ಈ ದಾರಿ ಎಲ್ಲಿಗೆ ಹೋಗುತ್ತದೆ?) ಅಂತ ತುಳುವಿನಲ್ಲಿ ಕೇಳಿದರೆ ಬರೀ ದಾರಿ ಅಲ್ಲ, ಮುಂದಿನ ಮೂರು ಮನೆಯವರ ಹೆಸರೂ ಸಿಗುತ್ತದೆ. ತುಳು ಬಾರದಿದ್ದರೆ "ಮಾರಾಯ್ರೆ" ಒಂದು ಸಾಕು.

ಗೇರು ತೋಟಗಳ ಬಗ್ಗೆ ಒಂದು ಮಾತು. ಗೇರು ಅಭಿವೃದ್ಧಿ ನಿಗಮದ ತೋಟಗಳೂ ಖಾಸಗಿಯವರ ತೋಟಗಳೂ ಈ ಗುಡ್ಡಗಳಲ್ಲಿ ಇವೆ. ಒಳಗೆ ಜೀಪ್ ದಾರಿ ಚೆನ್ನಾಗಿರುತ್ತದೆ, ಬಿಸಿಲಿಗೆ ನೆರಳು ಉಂಟು. ಆದರೆ ಫೆಬ್ರವರಿಯಿಂದ ಮೇವರೆಗೆ ಬೀಜ ಬೀಳುವ ಕಾಲ. ಕಾಯುವವರು ಇರುತ್ತಾರೆ. ಬೆನ್ನಿಗೆ ಚೀಲ ಹಾಕಿಕೊಂಡು ಬೀಜದ ಮರದಡಿ ತಿರುಗುವವನನ್ನು ಅವರು ಪ್ರವಾಸಿ ಅಂತ ನಂಬಬೇಕು ಅಂತೇನೂ ಇಲ್ಲ. ಆಗ ಒಳಗೆ ಹೋಗಬೇಡಿ. ಬೇರೆ ತಿಂಗಳಲ್ಲೂ ಕೇಳಿಯೇ ಹೋಗಿ. ರಬ್ಬರ್ ತೋಟಕ್ಕೂ ಇದೇ ಮಾತು.

4. ಕಾಡಿನ ಗಡಿ ಎಲ್ಲಿ ಅಂತ ಗೊತ್ತಿರಲಿ

ಹೆಬ್ರಿಯ ಆಚೆ ಸೋಮೇಶ್ವರ ವನ್ಯಜೀವಿ ಅಭಯಾರಣ್ಯ. ಕಾರ್ಕಳದಿಂದ ಬಜಗೋಳಿ, ಮಾಳ ದಾಟಿದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗಬಹುದು. ಹೆದ್ದಾರಿ ಬಿಟ್ಟು ಪಕ್ಕದ ಮಣ್ಣಿನ ದಾರಿಗೆ ಇಳಿದರೆ ಅನುಮತಿ ಬೇಕು. ಗೇಟ್ ತೆರೆದಿತ್ತು, ಯಾರೂ ಇರಲಿಲ್ಲ ಅನ್ನುವುದು ಅನುಮತಿ ಅಲ್ಲ. ಬೇಕೇ ಬೇಕು ಅಂದರೆ ಮೊದಲೇ ವಲಯ ಅರಣ್ಯ ಕಚೇರಿಗೆ ಹೋಗಿ ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಬುಡದ ಊರುಗಳಲ್ಲಿ ಇರುವ ದಾರಿ ಮುಗಿಸಲಿಕ್ಕೇ ಒಂದು ಜನ್ಮ ಸಾಲದು.

5. ಚೀಲದಲ್ಲಿ ಏನಿರಬೇಕು

ಎರಡು ಟ್ಯೂಬ್, ಪಂಪು, ಪಂಕ್ಚರ್ ಪಟ್ಟಿ, ಚೈನ್ ಟೂಲ್, ಚೈನಿನ ಒಂದು ಕ್ವಿಕ್ ಲಿಂಕ್. ನಿಮ್ಮ ಸೈಕಲ್‌ಗೇ ಹೊಂದುವ ಡಿರೈಲರ್ ಹ್ಯಾಂಗರ್ (ಹಿಂದಿನ ಗೇರನ್ನು ಫ್ರೇಮಿಗೆ ಜೋಡಿಸುವ ಸಣ್ಣ ಲೋಹದ ತುಂಡು) ಒಂದು. ಇದು ಹೆಬ್ರಿಯಲ್ಲಿ ಬಿಡಿ, ಉಡುಪಿಯಲ್ಲೂ ಆ ಕ್ಷಣಕ್ಕೆ ಸಿಗುವ ಖಾತ್ರಿ ಇಲ್ಲ. ನೀರು ಎರಡು ಲೀಟರ್‌ಗೆ ಕಡಿಮೆ ಬೇಡ, ಎರಡು ಪೊಟ್ಟಣ ಒಆರ್‌ಎಸ್. ಕರಾವಳಿಯ ಬೆವರಿಗೆ ಬರೀ ನೀರು ಸಾಲುವುದಿಲ್ಲ. ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡಿರಿ, ಘಟ್ಟದ ಬುಡದಲ್ಲಿ ನೆಟ್‌ವರ್ಕ್ ಬಂದರೆ ಬಂತು. ಯಾವ ದಾರಿಯಲ್ಲಿ ಹೋಗುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ ಅಂತ ಮನೆಯಲ್ಲಿ ಚೀಟಿ ಬರೆದಿಡಿ.

ಇದರ ಜೊತೆ ಅಂಗೈ ಅಗಲದ ಒಣ ಅಡಿಕೆ ಹಾಳೆಯ (ಅಡಿಕೆ ಗರಿಯ ಬುಡದ ಅಗಲ ಪೊರೆ) ತುಂಡು. ನಗಬೇಡಿ, ಹೇಳುತ್ತೇನೆ.

ಎರಡು ವರ್ಷದ ಹಿಂದೆ ಮುನಿಯಾಲು ಕಡೆಯ ಒಂದು ಇಳಿಜಾರಿನಲ್ಲಿ ಕೆಂಪು ಕಲ್ಲಿನ ಚೂಪು ಅಂಚಿಗೆ ತಾಗಿ ನನ್ನ ಹಿಂದಿನ ಟೈರಿನ ಬದಿ ಸೀಳಿತು. ಒಂದು ಅಂಗುಲ ಉದ್ದ. ಹೊಸ ಟ್ಯೂಬ್ ಹಾಕಿ ಗಾಳಿ ಹೊಡೆದರೆ ಅದು ಸೀಳಿನಿಂದ ಗುಳ್ಳೆಯ ಹಾಗೆ ಹೊರಗೆ ಉಬ್ಬಿತು. ಸೈಕಲ್ ದೂಡಿಕೊಂಡು ಇಳಿದೆ. ಮ್ಯಾಪಿನಲ್ಲಿ ರಸ್ತೆ ಅಂತ ಇದ್ದದ್ದು ಒಂದು ಹಟ್ಟಿಯ (ದನದ ಕೊಟ್ಟಿಗೆ) ಎದುರಿಗೆ ಮುಗಿಯಿತು. ಅಂಗಳದಲ್ಲಿ ಒಬ್ಬರು ಅಮ್ಮ ಕೂತು ಅಡಿಕೆ ಹರಡುತ್ತಿದ್ದರು.

"ಎಂತ ಮಗ, ದಾರಿ ತಪ್ಪಿತಾ?"

"ದಾರಿಯೂ ತಪ್ಪಿತು ಅಮ್ಮ, ಟೈರೂ ಹೋಯ್ತು."

ಮೊದಲು ಬಂದದ್ದು ಬೆಲ್ಲದ ತುಂಡು, ಒಂದು ತಂಬಿಗೆ ನೀರು. ಆಮೇಲೆ ಒಳಗಿನಿಂದ ಅಜ್ಜ ಬಂದರು. ಟೈರಿನ ಸೀಳಿಗೆ ಹೆಬ್ಬೆರಳು ಹಾಕಿ ನೋಡಿದರು. ಏನೂ ಹೇಳದೆ ಹಟ್ಟಿಯ ಮಾಡಿನಿಂದ ಒಂದು ಹಾಳೆ ಎಳೆದರು. ಕತ್ತಿಯಲ್ಲಿ ತುಂಡು ಕೊಯ್ದರು. ನೀರು ಮುಟ್ಟಿಸಿ ಎರಡು ನಿಮಿಷ ಕೈಯಲ್ಲೇ ಬಗ್ಗಿಸುತ್ತಾ ಕೂತರು.

"ಇದನ್ನು ಒಳಗಿನಿಂದ ಇಡಿ. ತಲೆಗಿಡುವ ಮುಟ್ಟಾಳೆ ಟೊಪ್ಪಿ ಮಾಡುವ ಹಾಳೆ, ಹರಿಯುವುದಿಲ್ಲ."

ನುಣುಪು ಮೈ ಟ್ಯೂಬಿನ ಕಡೆಗೆ, ಗೆರೆಯಿರುವ ಮೈ ಟೈರಿನ ಕಡೆಗೆ. ಅಂಚು ಚೂಪಿದ್ದರೆ ಟ್ಯೂಬ್ ಕೊಯ್ಯುತ್ತದೆ ಅಂತ ಅವರೇ ಕತ್ತಿಯಿಂದ ಕೆರೆದು ತೆಳು ಮಾಡಿಕೊಟ್ಟರು. 30 ಪಿಎಸ್‌ಐ ಹೊಡೆದೆ. ಗುಳ್ಳೆ ಬರಲಿಲ್ಲ. ಮೆಲ್ಲಗೆ ಬಿಟ್ಟುಕೊಂಡು ಹೆಬ್ರಿವರೆಗೆ ಬಂದೆ. ಪೇಟೆಯ ಅಂಗಡಿಯಲ್ಲಿ ಇದೇ ಕೆಲಸಕ್ಕೆ ಟೈರ್ ಬೂಟ್ ಅಂತ ಒಂದು ಪ್ಲಾಸ್ಟಿಕ್ ಪಟ್ಟಿ ಮಾರುತ್ತಾರೆ.

6. ನೆಲ ನೋಡಿ ಸೈಕಲ್ ಬಿಡುವುದು

ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಕೆಂಪು ಅದರದ್ದೇ. ಒಣಗಿದರೆ ಗಟ್ಟಿ ಹೆಂಚಿನ ಹಾಗೆ. ಅದರ ಮೇಲೆ ಸಣ್ಣ ಸಣ್ಣ ಉರುಟು ಹರಳು ಬಿದ್ದಿರುತ್ತದೆ. ಗಟ್ಟಿ ನೆಲದ ಮೇಲೆ ಗೋಲಿ ಚೆಲ್ಲಿದ ಹಾಗೆ. ಇಳಿಜಾರಿನ ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರಿಯೇ ಜಾರುತ್ತದೆ. ತಿರುವಿಗೆ ಮೊದಲೇ, ಸೈಕಲ್ ನೇರ ಇರುವಾಗಲೇ, ವೇಗ ಇಳಿಸಿ. ತಿರುವಿನಲ್ಲಿ ಬ್ರೇಕ್ ಬಿಟ್ಟುಬಿಡಿ. ದೃಷ್ಟಿ ಮುಂದಿನ ಚಕ್ರದ ಮೇಲಲ್ಲ, ಹತ್ತು ಮಾರು ಮುಂದೆ. ಜೀಪಿನ ಚಕ್ರ ಹೋಗಿ ಗುಡಿಸಿದ ಎರಡು ಗೆರೆ ಇರುತ್ತದಲ್ಲ, ಅದರಲ್ಲೇ ಇರಿ. ಗೆರೆ ಬದಲಾಯಿಸುವಾಗ ನಡುವಿನ ಹರಳನ್ನು ಅಡ್ಡಡ್ಡ ದಾಟಬೇಡಿ, ಉದ್ದಕ್ಕೆ ನಿಧಾನ ಓರೆಯಾಗಿ ದಾಟಿ.

ಏರಿನಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ. ಸೀಟಿನ ಮುಂದಿನ ತುದಿಗೆ ಜರುಗಿ, ಎದೆ ತಗ್ಗಿಸಿ, ಹಗುರ ಗೇರಿನಲ್ಲಿ ಒಂದೇ ಸಮ ತುಳಿಯಿರಿ.

ಇಲ್ಲಿನ ನಿಜವಾದ ಶತ್ರುಗಳು ಬೇರೆಯೇ ಇವೆ. ಅಕೇಶಿಯಾ ನೆಡುತೋಪಿನ ಒಣ ಎಲೆ ಮೊದಲನೆಯದು, ಅಡಿಯಲ್ಲಿ ಕಲ್ಲಿದೆಯೋ ಹೊಂಡವಿದೆಯೋ ಗೊತ್ತೇ ಆಗದು. ಎರಡನೆಯದು ತೋಟದ ದಾರಿಗೆ ಬಿದ್ದ ಹಸಿ ಹಾಳೆ. ಸಣ್ಣವರಿದ್ದಾಗ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆದ ಹಾಳೆಗಾಡಿ ನೆನಪು ಮಾಡಿಕೊಳ್ಳಿ. ಅದು ಎಷ್ಟು ಚೆನ್ನಾಗಿ ಜಾರುತ್ತದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರನೆಯದು ಕಾಂಕ್ರೀಟ್. ಹೌದು, ಕಾಂಕ್ರೀಟೇ. ತೋಟದ ನೆರಳಿನ ತುಂಡು ಕಾಂಕ್ರೀಟಿನಲ್ಲಿ ಡಿಸೆಂಬರ್‌ವರೆಗೂ ಹಾವಸೆ ಇರುತ್ತದೆ. ಮಣ್ಣಿನಲ್ಲಿ ಒಮ್ಮೆಯೂ ಬೀಳದ ನಾನು ಅದರಲ್ಲಿ ಎರಡು ಸಲ ಬಿದ್ದಿದ್ದೇನೆ. ಇಳಿದು ಅಂಚಿನ ಹುಲ್ಲಿನಲ್ಲಿ ನಡೆಯಿರಿ, ಮರ್ಯಾದೆ ಏನೂ ಹೋಗುವುದಿಲ್ಲ.

ಕಾಲುಸಂಕ, ಕಿಂಡಿ ಅಣೆಕಟ್ಟಿನ ಮೇಲೆ ಸೈಕಲ್ ದೂಡಿಕೊಂಡೇ ಹೋಗಿ. ತಡಮೆ (ತೋಟದ ದಾರಿಗೆ ಅಡ್ಡ ಇಡುವ ಗಳು) ತೆಗೆದರೆ ಹಾಕಿ ಮುಂದೆ ಹೋಗಿ, ಇಲ್ಲದಿದ್ದರೆ ದನ ತೋಟಕ್ಕೆ ನುಗ್ಗಿ ನಿಮ್ಮ ಹಿಂದೆ ಬರುವ ಸೈಕಲ್‌ನವರಿಗೆ ಬೈಗುಳ. ತೋಟದ ಬೇಲಿಯ ತಂತಿ ಸೋಲಾರ್ ಆಗಿರಬಹುದು, ಕೈ ಇಡಬೇಡಿ.

7. ನಾಯಿ, ಕಾಟಿ, ಉಣುಗು

ನಾಯಿ ದಿನಾ ಸಿಗುತ್ತದೆ. ಓಡಿಸಿಕೊಂಡು ಹೋಗಬಹುದು ಅಂತ ವೇಗ ಹೆಚ್ಚಿಸಬೇಡಿ, ಹರಳಿನ ರಸ್ತೆಯಲ್ಲಿ ಗೆಲ್ಲುವುದು ನಾಯಿಯೇ. ಇಳಿದುಬಿಡಿ. ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಮನೆಯ ಕಡೆ ನೋಡಿ "ಅಕ್ಕಾ, ನಾಯಿ" ಅಂತ ಕೂಗಿ. ಸೈಕಲ್ ನಿಂತ ಕೂಡಲೇ ಹೆಚ್ಚಿನ ನಾಯಿಗಳಿಗೆ ಮುಂದೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ.

ಕಾಟಿ (ಕಾಡುಕೋಣ) ಬೆಳಿಗ್ಗೆ ಬೇಗ, ಸಂಜೆ ಕತ್ತಲಾಗುವಾಗ ತೋಟದ ಅಂಚಿಗೆ ಇಳಿಯುತ್ತದೆ. ಸೈಕಲ್‌ಗೆ ಸದ್ದಿಲ್ಲ, ಹತ್ತಿರ ಹೋಗುವವರೆಗೂ ಅದಕ್ಕೂ ಗೊತ್ತಾಗದು, ನಿಮಗೂ ಗೊತ್ತಾಗದು. ಕಾಡಂಚಿನ ತಿರುವಿನಲ್ಲಿ ಬೆಲ್ ಹೊಡೆಯುತ್ತಾ ಹೋಗಿ. ಕಂಡರೆ ನಿಂತು, ಮೆಲ್ಲಗೆ ಹಿಂದೆ ಬನ್ನಿ. ಫೋಟೊ ಬೇಡ. ಬೆಳಕು ಹರಿದ ಮೇಲೆ ಹೊರಟು, ಸಂಜೆ ಐದರೊಳಗೆ ಟಾರು ರಸ್ತೆ ಹಿಡಿದರೆ ಈ ತಲೆನೋವು ಹೆಚ್ಚಾಗಿ ತಪ್ಪುತ್ತದೆ.

ಉಣುಗನ್ನು (ರಕ್ತ ಹೀರುವ ಉಣ್ಣಿ) ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ, ಈಗಲೂ ಮಲೆನಾಡಿನಲ್ಲಿ ಜೀವ ತೆಗೆಯುತ್ತಿದೆ. ಅದರ ಕಾಲ ಡಿಸೆಂಬರ್‌ನಿಂದ ಮೇ, ಅಂದರೆ ನಮ್ಮ ಸೈಕಲ್ ಕಾಲವೇ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಉದ್ದ ಸಾಕ್ಸ್ ಹಾಕಿ. ಆರೋಗ್ಯ ಇಲಾಖೆಯವರು ಕಾಡಂಚಿನ ಜನರಿಗೆ ಕೊಡುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪಂಚಾಯತಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ನೇರ ಬಕೆಟಿಗೆ. ಸವಾರಿಯಾಗಿ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಕಾಡಂಚಿಗೆ ಹೋಗಿದ್ದೆ ಅಂತ ಡಾಕ್ಟರ್‌ಗೆ ಹೇಳಲು ಮರೆಯಬೇಡಿ.

8. ಮೊದಲ ಸವಾರಿ ಹೀಗಿರಲಿ

ಉಡುಪಿಯಿಂದ ಹೆಬ್ರಿಗೆ 32 ಕಿ.ಮೀ. ಆಸುಪಾಸು. 169ಎ ಹೆದ್ದಾರಿಯಲ್ಲಿ ಸೈಕಲ್ ಬಿಟ್ಟುಕೊಂಡು ಬಂದು ಸುಸ್ತಾಗಬೇಡಿ. ಕಾರಿನ ಹಿಂದೆ ಕಟ್ಟಿಕೊಂಡು ಬನ್ನಿ, ಇಲ್ಲವೇ ಬೆಳಗಿನ ಖಾಲಿ ಬಸ್ಸಿನ ಕಂಡಕ್ಟರನ್ನು ಕೇಳಿ ನೋಡಿ. ಏಳು ಗಂಟೆಗೆ ಹೆಬ್ರಿ. ಪೇಟೆಯಲ್ಲಿ ಎರಡು ಬನ್ಸ್, ಒಂದು ಚಾ.

ಹೆಬ್ರಿಯಿಂದ ಮುದ್ರಾಡಿ, ವರಂಗ, ಮುನಿಯಾಲು ಕಡೆಗೆ ಟಾರು ರಸ್ತೆ ಇದೆ. ಅದನ್ನು ಬೆನ್ನೆಲುಬು ಅಂತ ಇಟ್ಟುಕೊಳ್ಳಿ. ಮೊದಲೇ ಗುರುತು ಹಾಕಿದ ಮಣ್ಣಿನ ದಾರಿಗಳಿಗೆ ಅದರಿಂದ ಎಡಕ್ಕೆ, ಬಲಕ್ಕೆ ಇಳಿಯಿರಿ. ಐದಾರು ಕಿಲೋಮೀಟರ್ ಸುತ್ತಿ ಮತ್ತೆ ಟಾರಿಗೆ ಬನ್ನಿ. ಒಂದು ದಾರಿ ಕೈಕೊಟ್ಟರೂ ದಿನ ಹಾಳಾಗುವುದಿಲ್ಲ. ವರಂಗದಲ್ಲಿ ನಿಲ್ಲಲೇಬೇಕು. ಕೆರೆಯ ನಡುವೆ ಬಸದಿ, ದೋಣಿಯಲ್ಲೇ ಹೋಗಬೇಕು, ಹಿಂದೆ ಘಟ್ಟದ ಸಾಲು. ಅಲ್ಲಿ ಅರ್ಧ ಗಂಟೆ ಕೂತರೆ ಕಾಲೂ ಸುಧಾರಿಸುತ್ತದೆ.

ಒಟ್ಟು 35 ಕಿ.ಮೀ. ಇಟ್ಟುಕೊಳ್ಳಿ. ಕಡಿಮೆ ಅನಿಸುತ್ತದೆ, ಅಲ್ವಾ? ಟಾರಿನಲ್ಲಿ ಗಂಟೆಗೆ 22 ಹೋಗುವವರು ಇಲ್ಲಿ 10 ಹೋಗುತ್ತಾರೆ. ಅದರ ಮೇಲೆ ಮಾತಾಡಿಸುವವರು. ಯಾವ ಊರು, ಯಾರ ಮಗ, ಗಾಡಿಗೆ ಎಷ್ಟಾಯ್ತು, ಪೆಟ್ರೋಲ್ ಬೇಡವಾ? ಈ ನಾಲ್ಕು ಪ್ರಶ್ನೆಗೆ ನಾಲ್ಕು ಕಡೆ ಉತ್ತರ ಕೊಡುವುದರಲ್ಲಿ ಒಂದು ಗಂಟೆ ಹೋಗುತ್ತದೆ. ಅದನ್ನೂ ಲೆಕ್ಕದಲ್ಲಿ ಸೇರಿಸಿ. ಡಿಸೆಂಬರ್ ಮೇಲೆ ದೈವಗಳ ಕೋಲ, ನೇಮದ ಕಾಲ. ಗದ್ದೆಯಲ್ಲಿ ಚಪ್ಪರ ಕಂಡರೆ, ದಾರಿಯಲ್ಲಿ ಜನ ಸೇರಿದ್ದರೆ, ಇಳಿದು ನಡೆಯಿರಿ.

9. ವಾಪಸ್ ಬಂದ ಮೇಲೆ

ಕೆಂಪು ಧೂಳು ಎಣ್ಣೆಯ ಜೊತೆ ಸೇರಿ ಚೈನಿನಲ್ಲಿ ಉಜ್ಜುಕಾಗದದ ಕೆಲಸ ಮಾಡುತ್ತದೆ. ಅದೇ ದಿನ ಒರೆಸಿ, ಬ್ರಷ್ ಹಾಕಿ, ಒಣಗಿದ ಮೇಲೆ ಹೊಸ ಎಣ್ಣೆ ಬಿಡಿ. ಸರ್ವಿಸ್ ಸ್ಟೇಶನ್ನಿನ ಜೋರು ಪೈಪಿನ ನೀರು ಬೇಡ, ಬೇರಿಂಗ್ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಬಕೆಟ್, ಬಟ್ಟೆ ಸಾಕು. ಟ್ಯೂಬ್‌ಲೆಸ್ ಇದ್ದರೆ ಒಳಗಿನ ಸೀಲಂಟ್ (ತೂತು ಮುಚ್ಚುವ ದ್ರವ) ನಮ್ಮ ಸೆಕೆಗೆ ಬೇಗ ಒಣಗುತ್ತದೆ, ಎರಡು–ಮೂರು ತಿಂಗಳಿಗೊಮ್ಮೆ ನೋಡಿ.

ಬಿಳಿ ಸಾಕ್ಸ್ ಹಾಕಿಕೊಂಡು ಹೋಗಿದ್ದರೆ ಅದನ್ನು ಇನ್ನು ಮುಂದೆ ಸೈಕಲ್‌ಗೇ ಇಟ್ಟುಬಿಡಿ, ಆ ಕೆಂಪು ಹೋಗುವುದಿಲ್ಲ. ಚೀಲದಲ್ಲಿದ್ದ ಹಾಳೆ ಒದ್ದೆಯಾಗಿದ್ದರೆ ಒಂದು ದಿನ ಬಿಸಿಲಿಗೆ ಇಟ್ಟು, ಮತ್ತೆ ಟ್ಯೂಬಿನ ಪಕ್ಕದಲ್ಲೇ ಹಾಕಿ.